ಮುಂದಿನ ವಾರ ಬನ್ನಿ

ಗರ್ಭಿಣಿಯರ ತಪಾಸಣೆಯ ದಿನ ನಮ್ಮ ಹೊರರೋಗಿ ವಿಭಾಗದಲ್ಲಿ ಎಲ್ಲರ ಬಾಯಲ್ಲೂ ಓಡಾಡುವ ಮಾತು ಒಂದೇ: ‘ರಕ್ತ ಕೊಟ್ಟು ಹೋಗಿ, ರಿಪೋರ್ಟಿಗೆ ಮುಂದಿನ ವಾರ ಬನ್ನಿ.’ ಹೇಳುವವರಿಗೆ ಸಾಲು ಕರಗಿಸುವ ತರಾತುರಿ, ಕೇಳುವವರಿಗೆ ಮನೆ ಸೇರುವ ಅವಸರ. ಯಾರಿಗೂ ಅದರಲ್ಲಿ ತಪ್ಪು ಕಾಣುವುದಿಲ್ಲ. ನನಗೆ ಮಾತ್ರ ಆ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಅದಕ್ಕೆ ಕಾರಣಳಾದ ಒಬ್ಬ ಹೆಣ್ಣುಮಗಳ ಬಗ್ಗೆ ಬರೆಯುತ್ತಿದ್ದೇನೆ. ಆಕೆಯ ಗುರುತು ಸಿಗುವಂಥ ವಿವರಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಆಕೆ ಬಂದಾಗ 26 ವಾರ ತುಂಬಿತ್ತು. ಎರಡನೆಯ ಬಸಿರು. ಮೊದಲನೆಯ ಮಗು ಎಂಟನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಕೊಂಡಿತ್ತಂತೆ. ಆಗಿನ ಕಾಗದಪತ್ರಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಂದಿದ್ದಳು. ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ ಎಲ್ಲದರ ಮುಂದೆಯೂ ಅಂಕಿಗಳಿದ್ದವು. ವಿಡಿಆರ್‌ಎಲ್ ಎಂಬ ಸಾಲಿನ ಮುಂದೆ ‘ಮಾದರಿ ಕಳುಹಿಸಲಾಗಿದೆ’ ಎಂದಷ್ಟೇ ಇತ್ತು. ಕಳುಹಿಸಿದ ಮಾದರಿ ಏನಾಯಿತು, ಫಲಿತಾಂಶ ಬಂತೇ, ಬಂದಿದ್ದರೆ ಯಾರಾದರೂ ನೋಡಿದರೇ, ಒಂದಕ್ಕೂ ಆ ಕಡತದಲ್ಲಿ ಉತ್ತರವಿರಲಿಲ್ಲ.

ವಿಡಿಆರ್‌ಎಲ್ ಎಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಸೋಂಕಿನ ಪತ್ತೆಗೆ ಮಾಡುವ ಹಳೆಯ ಪರೀಕ್ಷೆ. ಈಗ ಬೆರಳ ತುದಿಯ ರಕ್ತದಲ್ಲಿ ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ಒಟ್ಟಿಗೆ ನೋಡುವ ಕಿಟ್‌ಗಳಿವೆ. ಫಲಿತಾಂಶಕ್ಕೆ 15ರಿಂದ 20 ನಿಮಿಷ ಸಾಕು. ಆಕೆಯನ್ನು ಅಲ್ಲೇ ಕೂರಿಸಿ ಬೆರಳು ಚುಚ್ಚಿದೆ. ಮೊದಲು ಕಿಟ್ ಸರಿಯಿದೆಯೆಂದು ಹೇಳುವ ಗೆರೆ ಮೂಡಿತು. ಎಚ್‌ಐವಿಯ ಜಾಗ ಖಾಲಿ ಉಳಿಯಿತು. ಸಿಫಿಲಿಸ್‌ನ ಜಾಗದಲ್ಲಿ ಗೆರೆ ಬಂತು, ಅನುಮಾನಕ್ಕೆ ಎಡೆಯಿಲ್ಲದಷ್ಟು ಗಾಢವಾಗಿ.

ಈ ಗೆರೆಗೆ ಒಂದು ಮಿತಿಯಿದೆ. ಎಂದೋ ಬಂದು ಚಿಕಿತ್ಸೆಯಾಗಿ ಗುಣವಾದ ಸೋಂಕಿಗೂ ಇದು ಬರುತ್ತದೆ. ಸೋಂಕು ಈಗಲೂ ಇದೆಯೇ ಎಂದು ಅಂದಾಜಿಸಲು ಆರ್‌ಪಿಆರ್ ಎಂಬ ಇನ್ನೊಂದು ರಕ್ತಪರೀಕ್ಷೆ ಬೇಕು. ನಮ್ಮ ಪ್ರಯೋಗಾಲಯದ ಹಿರಿಯ ತಂತ್ರಜ್ಞರು ಗೊಣಗುತ್ತಲೇ ಕೆಲಸ ಮಾಡುವವರು. ಆವತ್ತು ಗೊಣಗಲಿಲ್ಲ. ಬಿಳಿ ಕಾರ್ಡಿನ ಮೇಲಿನ ವೃತ್ತದಲ್ಲಿ ಆಕೆಯ ರಕ್ತದ ಸೀರಂ ಹಾಕಿ, ಮೇಲೆ ಇಂಗಾಲದ ಕಣಗಳಿರುವ ದ್ರಾವಣದ ಹನಿ ಬಿಟ್ಟು, ತಿರುಗುವ ಯಂತ್ರದ ಮೇಲಿಟ್ಟರು. ಎಂಟು ನಿಮಿಷ. ಸೋಂಕಿಲ್ಲದವರ ಹನಿ ಒಂದೇ ಸಮನೆ ಬೂದುಬಣ್ಣವಾಗಿ ಉಳಿಯುತ್ತದೆ. ಆಕೆಯ ಹನಿಯಲ್ಲಿ ಕಪ್ಪು ಕಣಗಳು ಗುಂಪುಗೂಡಿ ಗರಣೆಗಟ್ಟಿದ್ದವು. ಸೀರಂ ಅನ್ನು ಇಮ್ಮಡಿ, ನಾಲ್ಮಡಿ ಎಂದು ತೆಳುವಾಗಿಸುತ್ತ ಹೋದರೂ ಗರಣೆ ಬಿಡಲಿಲ್ಲ. ಕೊನೆಗೆ 1:32ರಲ್ಲಿ, ಅಂದರೆ ಮೂವತ್ತೆರಡು ಪಟ್ಟು ತೆಳುವಾಗಿಸಿದಲ್ಲಿ, ನಿಂತಿತು. ಸೋಂಕು ಹಳೆಯದಾಗಿ ಮಲಗಿಲ್ಲ ಎನ್ನಲು ಅಷ್ಟು ಸಾಕಾಗಿತ್ತು.

ಇಂಥ ವಿಷಯವನ್ನು ಮೊಗಸಾಲೆಯಲ್ಲಿ ನಿಂತು ಹೇಳುವವರನ್ನು ಕಂಡಿದ್ದೇನೆ. ನಾನು ಆಕೆಯೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿದೆ. ‘ನೋಡಮ್ಮ, ನಿನ್ನ ರಕ್ತದಲ್ಲಿ ಸಿಫಿಲಿಸ್ ಎಂಬ ಸೋಂಕು ಕಂಡಿದೆ. ಗುಣವಾಗುವ ಕಾಯಿಲೆ. ಔಷಧಿಯನ್ನು ಇವತ್ತೇ ಕೊಡುತ್ತೇವೆ’ ಎಂದೆ. ‘ಗುಣವಾಗುವ’ ಎನ್ನುವುದನ್ನು ಕಾಯಿಲೆಯ ಹೆಸರಿನ ಬೆನ್ನಿಗೇ ಹೇಳಿಬಿಡಬೇಕು. ಹೆಸರು ಕೇಳಿದ ಮೇಲೆ ಮುಂದಿನ ಮಾತು ಹೆಚ್ಚಿನವರ ತಲೆಗೆ ಹೋಗುವುದಿಲ್ಲ.

‘ನನಗೇನೂ ಆಗಿಲ್ಲವಲ್ಲ ಸಿಸ್ಟರ್. ಒಂದು ಹುಣ್ಣಿಲ್ಲ, ಜ್ವರವಿಲ್ಲ.’

ಈ ಕಾಯಿಲೆಯ ಕಪಟವೇ ಅದು. ಸುರುಳಿಯಾಕಾರದ ಈ ಬ್ಯಾಕ್ಟೀರಿಯಾವನ್ನು 1905ರಲ್ಲೇ ಗುರುತಿಸಿದ್ದಾರೆ, ಆದರೂ ಹೊತ್ತವರಿಗೆ ಅದರ ಸುಳಿವು ಸಿಗುವುದಿಲ್ಲ. ಮೊದಲು ಏಳುವ ಹುಣ್ಣು ನೋಯುವುದಿಲ್ಲ. ಹೆಂಗಸರಲ್ಲಿ ಅದು ಒಳಗೆಲ್ಲೋ ಎದ್ದು, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಆಮೇಲೆ ಬರುವ ದದ್ದುಗಳೂ ತಾವಾಗಿಯೇ ಹೋಗುತ್ತವೆ. ಮುಂದೆ ವರ್ಷಗಟ್ಟಲೆ ಯಾವ ತೊಂದರೆಯೂ ಇರುವುದಿಲ್ಲ. ತಾಯಿ ಹುಷಾರಾಗಿ ಓಡಾಡಿಕೊಂಡಿರುವಾಗಲೇ ರೋಗಾಣು ಮಾಸುಚೀಲವನ್ನು ದಾಟಿ ಮಗುವಿಗೆ ತಗಲುತ್ತದೆ. ಗರ್ಭಪಾತ, ಹೊಟ್ಟೆಯಲ್ಲೇ ಸಾವು, ಅವಧಿಗೆ ಮುನ್ನ ಹೆರಿಗೆ, ಹುಟ್ಟಿದ ಮಗುವಿನ ಯಕೃತ್ತು, ಮೂಳೆ, ಮಿದುಳಿಗೆ ಪೆಟ್ಟು, ಏನಾದರೂ ಆಗಬಹುದು. ಹುಟ್ಟುವಾಗ ಮುದ್ದಾಗಿಯೇ ಇದ್ದು, ಬೆಳೆಯುತ್ತ ಕಿವಿ ಕೇಳಿಸದಂತಾದ, ದೃಷ್ಟಿ ಮಂಜಾದ ಮಕ್ಕಳೂ ಇದ್ದಾರೆ.

ಇಷ್ಟನ್ನೂ ನಾನು ಆಕೆಗೆ ಹೇಳಲಿಲ್ಲ. ಬೇಕಾದಷ್ಟೇ ಹೇಳಿದೆ. ಆಕೆ ಕೇಳಿದ್ದು ಒಂದೇ. ‘ಹೋದ ಸಲ ಮಗು ಹೋದದ್ದು ಇದರಿಂದಲೇ?’

‘ಇರಬಹುದು. ಆಗಿನ ಪರೀಕ್ಷೆಯ ಫಲಿತಾಂಶ ಇಲ್ಲದ್ದರಿಂದ ಖಂಡಿತವಾಗಿ ಹೇಳಲಾಗದು’ ಎಂದೆ. ಆಕೆ ಅಳಲಿಲ್ಲ. ಕಾಗದಗಳ ಚೀಲ ತೆಗೆದು ಆ ಸಾಲು ಯಾವುದೆಂದು ತೋರಿಸಲು ಹೇಳಿದಳು. ತೋರಿಸಿದೆ. ಆಕೆ ಓದಿಕೊಂಡಳು.

ಚಿಕಿತ್ಸೆಯೆಂದರೆ ಪೆನಿಸಿಲಿನ್. 1943ರಲ್ಲಿ ಸಿಫಿಲಿಸ್‌ಗೆ ಮೊದಲ ಬಾರಿ ಕೊಟ್ಟು ನೋಡಿದ ಔಷಧಿ. ಗರ್ಭಿಣಿಯರ ಮಟ್ಟಿಗೆ ಇಂದಿಗೂ ಅದಕ್ಕೆ ಬದಲಿಯಿಲ್ಲ. ಮಗುವಿನವರೆಗೆ ಹೋಗಿ ಸೋಂಕನ್ನು ನಂಬಬಹುದಾದಂತೆ ಕಳೆಯುವುದು ಇದೊಂದೇ. ಆದರೆ ಆವತ್ತು ವಾರ್ಡಿನಲ್ಲಿ ಬೆಂಜಥೀನ್ ಪೆನಿಸಿಲಿನ್ ಇರಲಿಲ್ಲ. ಉಗ್ರಾಣಕ್ಕೆ ಹೋದರೆ ‘ಇಂಡೆಂಟ್ ಇಲ್ಲ, ನಾಳೆ ಬನ್ನಿ’ ಎಂದರು. ಮುಂದಿನ ವಾರ ಬನ್ನಿ ಎಂಬುದರ ತಮ್ಮ ಇದು. ವೈದ್ಯೆಯ ಕೈಯಲ್ಲಿ ಫೋನ್ ಮಾಡಿಸಿ, ಅಲ್ಲೇ ನಿಂತು, ಎರಡು ವಯಲ್ ತಂದೆ. ಹಳೆಯ ಔಷಧಿ, ಲಾಭ ಕಡಿಮೆ, ತಯಾರಿಸುವವರು ಕೆಲವರೇ. ಹಲವು ದೇಶಗಳಲ್ಲಿ ಇದರ ಕೊರತೆಯಾಗಿದೆ. ಇದ್ದ ಕಡೆಯಲ್ಲೂ ಬೀಗದ ಹಿಂದೆ ಇದ್ದರೆ ಇಲ್ಲದ್ದಕ್ಕೆ ಸಮ.

ಪೆನಿಸಿಲಿನ್ ಒಗ್ಗದೇ ಹೋದದ್ದುಂಟೇ ಎಂದು ಕೇಳಿ, ಅಕಸ್ಮಾತ್ ಬೇಕಾದರೆ ಎಂದು ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, ಪುಡಿಗೆ ನೀರು ಬೆರೆಸಿದೆ. ಹಾಲಿನಂತೆ ಮಂದವಾದ ಔಷಧಿ ಅದು. ಸಣ್ಣ ಸೂಜಿಯಲ್ಲಿ ಇಳಿಯುವುದಿಲ್ಲ, ನಿಧಾನ ಮಾಡಿದರೆ ದಪ್ಪ ಸೂಜಿಯಲ್ಲೂ ಕಟ್ಟಿಕೊಳ್ಳುತ್ತದೆ. ಒಟ್ಟು 24 ಲಕ್ಷ ಯೂನಿಟ್, ಎರಡು ಕಡೆಗೆ ಅರ್ಧರ್ಧ. ವಿಪರೀತ ನೋವು. ಆಕೆ ಮಂಚದ ಕಂಬಿ ಹಿಡಿದು ಹಲ್ಲು ಕಚ್ಚಿದಳು. ಸೋಂಕು ಯಾವಾಗ ತಗಲಿತೆಂದು ಗೊತ್ತಿಲ್ಲದವರಿಗೆ ಇಂಥದ್ದು ಮೂರು, ವಾರಕ್ಕೊಂದು.

ಗಂಡ ಹೊರಗಿದ್ದ. ಆಕೆಯ ಒಪ್ಪಿಗೆ ಪಡೆದು ಕರೆದೆ. ‘ನನಗೆ ಏನೂ ಇಲ್ಲ. ಇದು ಯಾರಿಂದ ಬಂತು ಎಂದು ಹೇಳಿ’ ಎಂದು ದನಿಯೇರಿಸಿದ. ‘ಅದನ್ನು ಯಾವ ಪರೀಕ್ಷೆಯೂ ಹೇಳುವುದಿಲ್ಲ. ನಿಮಗೆ ಚಿಕಿತ್ಸೆಯಾಗದಿದ್ದರೆ ಇವರಿಗೆ ಮತ್ತೆ ಬರುತ್ತದೆ, ಇಷ್ಟು ನೋವು ತಿಂದದ್ದು ದಂಡ’ ಎಂದೆ. ಎದ್ದು ಹೋದ. ಹೋದವನು ಬಾರದೇ ಇರಬಹುದೆಂದೇ ನಾನು ಎಣಿಸಿದ್ದೆ.

ಅಂದು ರಾತ್ರಿ ಆಕೆಗೆ ಜ್ವರ, ಮೈಕೈ ನೋವು. ಔಷಧಿಗೆ ರೋಗಾಣುಗಳು ಒಮ್ಮೆಲೇ ಸಾಯುವಾಗ ಹೀಗಾಗುವುದುಂಟು. ಗರ್ಭಿಣಿಯರಲ್ಲಿ ಹೊಟ್ಟೆ ಬಿಗಿಯಬಹುದು, ಮಗುವಿನ ಚಲನೆ ಕಡಿಮೆಯೆನಿಸಬಹುದು. ಹಾಗಾದರೆ ಕೂಡಲೇ ಬಾ ಎಂದು ಹೇಳಿಯೇ ಕಳುಹಿಸಿದ್ದೆ. ಜ್ವರ ಮರುದಿನಕ್ಕೆ ಇಳಿಯಿತು. ಆದರೆ ಮನೆಯವರು ‘ಆ ಇಂಜೆಕ್ಷನ್ ಬೇಡ’ ಎಂದು ಪಟ್ಟು ಹಿಡಿದರು. ಎರಡನೆಯ ಡೋಸಿನ ದಿನ ಮಧ್ಯಾಹ್ನವಾದರೂ ಆಕೆಯ ಸುಳಿವಿಲ್ಲ. ಗರ್ಭಿಣಿಯರಲ್ಲಿ ಡೋಸುಗಳ ನಡುವೆ ಹೆಚ್ಚು ದಿನ ಬಿಟ್ಟರೆ ಮೂರನ್ನೂ ಮೊದಲಿನಿಂದ ಶುರು ಮಾಡಬೇಕು. ಹೆರಿಗೆಗೆ ಕನಿಷ್ಠ ನಾಲ್ಕು ವಾರ ಮುಂಚೆ ಚಿಕಿತ್ಸೆ ಆರಂಭವಾಗಿರದಿದ್ದರೆ ಮಗುವಿಗೆ ಸಾಕಷ್ಟಾಯಿತು ಎನ್ನಲಾಗದು. ಫೋನ್ ಮಾಡಿದೆ. ಎತ್ತಿದ್ದು ಗಂಡ. ಜ್ವರ ಏಕೆ ಬಂತೆಂದು ಬಿಡಿಸಿ ಹೇಳಿದೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಇಬ್ಬರೂ ಬಂದರು. ಅವನೂ ತೋಳು ಮಡಚಿ ಪರೀಕ್ಷೆಗೆ ರಕ್ತ ಕೊಟ್ಟು, ಇಂಜೆಕ್ಷನ್ ತೆಗೆದುಕೊಂಡ. ಹೆಂಡತಿಗಿಂತ ಜೋರಾಗಿ ಕೂಗಿಕೊಂಡ ಎನ್ನುವುದನ್ನು ಬರೆಯದಿರಲು ಮನಸ್ಸು ಬಾರದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 7 ಲಕ್ಷ ಶಿಶುಗಳಿಗೆ ತಾಯಿಯಿಂದ ಸಿಫಿಲಿಸ್ ತಗಲಿದೆ. ಬಡ ದೇಶಗಳ ಪಾಡು ಎಂದು ಮೂಗು ಮುರಿಯುವಂತಿಲ್ಲ. ಅಮೆರಿಕದಲ್ಲಿ ಅದೇ ವರ್ಷ 3,700ಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು, ಹತ್ತು ವರ್ಷ ಹಿಂದಿನದರ ಹತ್ತು ಪಟ್ಟಿಗೂ ಹೆಚ್ಚು. ಅವುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು, ಸಕಾಲದಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆ ಸಿಕ್ಕಿದ್ದರೆ ತಪ್ಪುತ್ತಿದ್ದವು ಎನ್ನುತ್ತದೆ ಅಲ್ಲಿನ ಸರ್ಕಾರಿ ವರದಿ. ಕ್ಯೂಬಾ 2015ರಲ್ಲೇ ತಾಯಿಯಿಂದ ಮಗುವಿಗೆ ಎಚ್‌ಐವಿ, ಸಿಫಿಲಿಸ್ ಹರಡುವುದನ್ನು ತಡೆದ ಮೊದಲ ದೇಶವೆಂಬ ಮಾನ್ಯತೆ ಪಡೆಯಿತು. ಇದಕ್ಕೆಂದು ಹೊಸ ಔಷಧಿಯನ್ನೇನೂ ಅವರು ಕಂಡುಹಿಡಿದಿರಲಿಲ್ಲ.

ಆಕೆಗೆ 38 ವಾರಕ್ಕೆ ಹೆಣ್ಣುಮಗು ಹುಟ್ಟಿತು. ಆಗ ತಾಯಿಯ ಆರ್‌ಪಿಆರ್ 1:8ಕ್ಕೆ ಇಳಿದಿತ್ತು, ಮಗುವಿನದು 1:4. ಮಗುವಿನಲ್ಲೂ ಏಕೆ ಬಂತೆಂದು ಗಂಡ ಗಾಬರಿಯಾದ. ತಾಯಿಯ ಪ್ರತಿಕಾಯಗಳೇ ಮಗುವಿನ ರಕ್ತಕ್ಕೆ ಬಂದಿರುತ್ತವೆ. ತಾಯಿಗಿಂತ ನಾಲ್ಕು ಪಟ್ಟು ಹೆಚ್ಚಿದ್ದರೆ ಮಾತು ಬೇರೆ. ಮಕ್ಕಳ ವೈದ್ಯರು ಚರ್ಮ, ಹೊಟ್ಟೆ, ಕಣ್ಣು ಎಲ್ಲ ನೋಡಿ, ಆರು ತಿಂಗಳೊಳಗೆ ಇದು ಇಳಿದುಹೋಗಬೇಕು, ಅಲ್ಲಿಯವರೆಗೆ ತಪಾಸಣೆಗೆ ತಪ್ಪಿಸಬೇಡಿ ಎಂದರು. ತಪ್ಪಿಸಲಿಲ್ಲ. ಇಳಿದುಹೋಯಿತು.

ಮನೆಗೆ ಹೋಗುವಾಗ ಆಕೆ ಕಾಗದ ಕೇಳಿದಳು. ಕಿಟ್‌ನ ಗೆರೆ ಚಿಕಿತ್ಸೆಯ ನಂತರವೂ ಬಹುತೇಕ ಜೀವನಪರ್ಯಂತ ಬರುತ್ತದೆ. ಮುಂದೆ ಬೇರೆಲ್ಲೋ ಪರೀಕ್ಷಿಸಿದವರು ಗಾಬರಿಪಡಿಸಬಾರದಲ್ಲ. ಮೂರು ಡೋಸುಗಳ ದಿನಾಂಕ, 1:32, 1:8 ಎಲ್ಲವನ್ನೂ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಗಂಡನೂ ತನಗೊಂದು ಪ್ರತ್ಯೇಕ ಬರೆಸಿಕೊಂಡ.

ಈಗ ಕಿಟ್ ಇರುವ ಮೇಜಿನ ಖಾನೆಯಲ್ಲೇ ಪೆನಿಸಿಲಿನ್ ವಯಲ್‌ಗಳೂ ಇರುತ್ತವೆ. ಅದಕ್ಕಾಗಿ ಜಗಳವಾಡಬೇಕಾಯಿತು. ಉಗ್ರಾಣದ ಲೆಕ್ಕದ ಪುಸ್ತಕದಲ್ಲಿ ತಪಾಸಣಾ ಕೊಠಡಿಗೆ ಔಷಧಿ ಕೊಡಲು ಕಾಲಂ ಇಲ್ಲವಂತೆ. ತಿಂಗಳಿಗೊಮ್ಮೆ ಹೋಗಿ ‘ಇತರೆ’ ಎಂಬ ಕಡೆ ಬರೆಸಿ ತರುತ್ತೇನೆ.