ಶನಿವಾರದ ಕೂಲಿ

ಕೌಲ್ ಬಜಾರಿನ ನಮ್ಮ ಮನೆಯ ಮುಂದಿನ ಹಾಲಿನಲ್ಲಿ ಒಂಬತ್ತು ಮೆಷಿನ್‌ಗಳಿವೆ. ಅಂಗಡಿಯವರು ಕಟಿಂಗ್ ಆದ ಜೀನ್ಸ್ ಬಂಡಲ್ ಕಳಿಸುತ್ತಾರೆ, ನಾವು ಹೊಲಿದು ಕೊಡುತ್ತೇವೆ. ಇಲ್ಲಿಂದ ಅದು ವಾಷಿಂಗಿಗೆ ಹೋಗುತ್ತದೆ, ಗುಂಡಿ ರಿವೆಟ್ಟು ಎಲ್ಲ ಆಮೇಲೆ. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಪ್ರತಿ ಓಣಿಯಲ್ಲೂ ಈ ಸದ್ದಿದೆ. ನನ್ನ ಹತ್ತಿರ ಎಂಟು ಹೆಣ್ಣುಮಕ್ಕಳು ಕೆಲಸ ಮಾಡುತ್ತಾರೆ. ಕೂಲಿ ಪೀಸಿನ ಲೆಕ್ಕ, ಬಟವಾಡೆ ಶನಿವಾರ.

ಎರಡು ವರ್ಷದ ಹಿಂದೆ ನಮ್ಮ ಚರ್ಚಿನ ಸಭೆಯ ಸುಗ್ಗಿ ಹಬ್ಬದಲ್ಲಿ ನಡೆದದ್ದನ್ನು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಆರಾಧನೆ ಮುಗಿದ ಮೇಲೆ ಕಾಣಿಕೆಗೆ ಬಂದ ಕಾಯಿ, ಕೋಳಿ, ಜೋಳ, ಕುಂಬಳಕಾಯಿ ಹರಾಜು ಹಾಕುವುದು ನಮ್ಮಲ್ಲಿ ವಾಡಿಕೆ. ಆ ಸಲ ಒಂದು ಕುಂಬಳಕಾಯಿಗೆ ನಾನು 2,500 ರೂಪಾಯಿ ಕೂಗಿದೆ. ಜನ ಚಪ್ಪಾಳೆ ತಟ್ಟಿದರು. ಮನಸಾರೆ ಕೊಟ್ಟೆ, ಅದರಲ್ಲಿ ಸುಳ್ಳಿಲ್ಲ. ವರ್ಷವಿಡೀ ಕೆಲಸ ಕೊಟ್ಟ ದೇವರಿಗೆ ಸ್ತೋತ್ರ ಅಂದುಕೊಂಡೇ ಕೊಟ್ಟೆ.

ಆದರೆ ಆ ವಾರಕ್ಕೆ ನನ್ನ ಹುಡುಗಿಯರಿಗೆ ಎರಡು ಶನಿವಾರದ ಕೂಲಿ ಬಾಕಿ ಇತ್ತು. ಅಂಗಡಿಯಿಂದ ದುಡ್ಡು ಬಂದಿರಲಿಲ್ಲ. ಈ ಧಂದೆಯಲ್ಲಿ ಮಾಲು ಕೊಟ್ಟು ಒಂದೂವರೆ ತಿಂಗಳು ಕಾಯುವುದು ಹೊಸದೇನಲ್ಲ. ಮೇಲಿನವರು ಕೊಟ್ಟಾಗ ಕೆಳಗಿನವರಿಗೆ ಅಂತ ನಾನೂ ಹತ್ತು ವರ್ಷದಿಂದ ನಡೆಸಿಕೊಂಡು ಬಂದಿದ್ದೆ.

ಸೋಮವಾರ ಓವರ್‌ಲಾಕ್ ಮೆಷಿನ್ನಿನ, ಅಂದರೆ ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಮೆಷಿನ್ನಿನ, ಹೆಂಗಸು ಬರಲಿಲ್ಲ. ಓವರ್‌ಲಾಕ್ ನಿಂತರೆ ಹಿಂದಿನ ಕೆಲಸವೆಲ್ಲ ನಿಲ್ಲುತ್ತದೆ. ಅವಸರದಲ್ಲಿ ಸ್ಕೂಟಿ ತೆಗೆದುಕೊಂಡು ಅವಳ ಮನೆಗೆ ಹೋದೆ. ಹೊಸ್ತಿಲ ಮೇಲೆ ನಾಲ್ಕು ಜನ ಹೆಂಗಸರು ಕೂತಿದ್ದರು. ಸಂಘದ ಸಾಲದ ಕಂತಿನ ದಿನ. ಒಬ್ಬಳು ಕಟ್ಟದಿದ್ದರೆ ಗುಂಪಿನ ಉಳಿದವರು ಸೇರಿ ಕಟ್ಟಬೇಕು, ಹಾಗಾಗಿ ಅವರು ಏಳುವಂತಿಲ್ಲ, ಇವಳು ಮನೆ ಬಿಟ್ಟು ಹೊರಡುವಂತಿಲ್ಲ. ಕಂತು 1,150 ರೂಪಾಯಿ. ನಾನು ಅವಳಿಗೆ ಕೊಡಬೇಕಿದ್ದದ್ದು 4,600.

ನನ್ನನ್ನು ನೋಡಿ ಅವಳು ಒಳಗಿನಿಂದ ಸ್ಟೂಲು ತಂದು ಹಾಕಿದಳು. 'ನೀವ್ಯಾಕ ಬರಾಕ ಹೋದ್ರಿ ಅಕ್ಕಾ, ಈ ಶನಿವಾರ ಆಗ್ತೈತಿ ಅಂದಿದ್ರಲ್ಲ' ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಕಾಪಾಡಲು ಹೊರಟಿದ್ದಳು. ಪರ್ಸಿನಲ್ಲಿದ್ದ 600 ಕೊಟ್ಟೆ, ಉಳಿದದ್ದನ್ನು ಮನೆಗೆ ಬಂದು ಮಗನ ಕೈಯಲ್ಲಿ ಕಳಿಸಿದೆ. ಅಡುಗೆಮನೆಯ ಮೂಲೆಯಲ್ಲಿ ಹರಾಜಿನ ಕುಂಬಳಕಾಯಿ ಇನ್ನೂ ಕೊಯ್ಯದೆ ಕೂತಿತ್ತು, ತೊಟ್ಟಿಗೆ ಸಭೆಯ ಹೆಂಗಸರು ಕಟ್ಟಿದ ಕೆಂಪು ರಿಬ್ಬನ್ ಸಮೇತ.

ನಮ್ಮಪ್ಪ ಒಂದು ಮಾತನ್ನು ಹೆಮ್ಮೆಯಿಂದ ಹೇಳುತ್ತಿದ್ದರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು, ಇಲ್ಲೇ ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರಲು ಕೂತರು ಅಂತ. ಆ ಹೆಮ್ಮೆ ನನಗೂ ಇತ್ತು. ಆದರೆ ಆ ಪುಸ್ತಕ ನನ್ನೂರಿನ ಮಾತಿನಲ್ಲಿ ಇಷ್ಟು ಬಿಚ್ಚಿ ಹೇಳಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ಆ ರಾತ್ರಿ ಧರ್ಮೋಪದೇಶಕಾಂಡ 24ನೇ ಅಧ್ಯಾಯ ತೆಗೆದೆ. ಕೂಲಿಯವನು ನಿಮ್ಮವನಾಗಿರಲಿ, ಬೇರೆಯವನಾಗಿರಲಿ, ಅವನ ಕೂಲಿಯನ್ನು ಅದೇ ದಿನ ಹೊತ್ತು ಮುಳುಗುವ ಮುಂಚೆ ಕೊಡು, ಅವನು ಬಡವ, ಅದರ ಮೇಲೇ ಜೀವ ಇಟ್ಟುಕೊಂಡಿರುತ್ತಾನೆ ಅನ್ನುತ್ತದೆ ಅಲ್ಲಿ. ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿ, ಕೊಡದೆ ಹಿಡಿದಿಟ್ಟ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟುತ್ತದೆ. ನಾನು ಕುಂಬಳಕಾಯಿಗೆ ಕೂಗುತ್ತಿದ್ದ ಹೊತ್ತಿನಲ್ಲಿ ಇದೂ ಕೂಗುತ್ತಿತ್ತು.

ಯೇಸು ಹೇಳಿದ ದ್ರಾಕ್ಷಿತೋಟದ ಯಜಮಾನನ ಸಾಮ್ಯದ, ಅಂದರೆ ದೃಷ್ಟಾಂತ ಕಥೆಯ, ಮೇಲೆ ಚರ್ಚಿನಲ್ಲಿ ಎಷ್ಟೋ ಪ್ರಸಂಗ ಕೇಳಿದ್ದೇನೆ. ಕೊನೇ ತಾಸಿಗೆ ಬಂದವನಿಗೂ ಪೂರಾ ಕೂಲಿ ಕೊಟ್ಟ, ದೇವರ ಕೃಪೆ ಅಂಥದ್ದು ಅಂತ. ಅದು ನಿಜವೇ. ಆದರೆ ಅದರಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಎತ್ತಿ ತೋರಿಸಿದ್ದು ನೆನಪಿಲ್ಲ. ಸಂಜೆಯಾದ ಕೂಡಲೇ ಯಜಮಾನ ಪಾರುಪತ್ಯಗಾರನನ್ನು ಕರೆದು, ಕೂಲಿಯವರನ್ನು ಕರೆ, ಕೊಟ್ಟುಬಿಡು ಅನ್ನುತ್ತಾನೆ. ದ್ರಾಕ್ಷಿ ಮಾರಾಟವಾಗಲಿ, ಆಮೇಲೆ ನೋಡೋಣ ಅನ್ನಲಿಲ್ಲ.

ಮುಂದಿನ ಭಾನುವಾರ ಸಭಾಪಾಲಕರ ಹತ್ತಿರ ಹೋಗಿ, ಕೆಲವು ತಿಂಗಳು ನನ್ನ ಕಾಣಿಕೆ ಕಡಿಮೆಯಾಗುತ್ತದೆ ಅಯ್ಯನವರೇ, ಕಾರಣ ಇದು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮತ್ತಾಯ 5ನೇ ಅಧ್ಯಾಯ ತೆಗೆದು, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅನ್ನುವ ಮಾತನ್ನು ಓದಿದರು. ನನ್ನ ಎಂಟೂ ಜನರ ಹೆಸರು ಕೇಳಿ ಒಬ್ಬೊಬ್ಬರಿಗಾಗಿ ಪ್ರಾರ್ಥನೆ ಮಾಡಿದರು. ಎಂಟರಲ್ಲಿ ನಮ್ಮ ಸಭೆಯವಳು ಒಬ್ಬಳೇ.

ಅವತ್ತಿನಿಂದ ಬಟವಾಡೆಗೆ ಅಂತಲೇ ಬೇರೆ ಖಾತೆ ಮಾಡಿದೆ. ನಾಲ್ಕು ವಾರದ ಕೂಲಿ ಯಾವಾಗಲೂ ಅದರಲ್ಲಿರಬೇಕು ಅಂತ. ಮೊದಲು ನನ್ನ ಚೀಟಿ ದುಡ್ಡು ಹಾಕಿದೆ. ಬಾರ್‌ಟ್ಯಾಕ್ ಮೆಷಿನ್ ಕೊಳ್ಳಬೇಕಿತ್ತು, ಬಿಟ್ಟೆ. ಜೇಬಿನ ಮೂಲೆಗೆ, ಲೂಪಿಗೆ ಒತ್ತು ಹೊಲಿಗೆ ಹಾಕಿಸಲು ಇವತ್ತಿಗೂ ಬಂಡಲ್ ಹೊತ್ತು ಹಿಂದಿನ ಓಣಿಗೆ ಹೋಗುತ್ತೇನೆ, ಪೀಸಿಗೆ ಇಷ್ಟು ಅಂತ ಕೊಟ್ಟು. ಖಾತೆ ತುಂಬಲು ಹದಿನಾಲ್ಕು ತಿಂಗಳು ಹಿಡಿಯಿತು.

ಭಾನುವಾರದ ಮಾತೂ ಇದಕ್ಕೆ ಸೇರಿದ್ದು. ಮೊದಲೆಲ್ಲ ನಾನು ಆರಾಧನೆಗೆ ಹೋಗಿ, ದಸರಾ ದೀಪಾವಳಿ ಸೀಸನ್ನಿನಲ್ಲಿ ನನ್ನ ಹುಡುಗಿಯರನ್ನು ಮಾತ್ರ ಕೆಲಸಕ್ಕೆ ಕರೆಯುತ್ತಿದ್ದೆ. ಧರ್ಮೋಪದೇಶಕಾಂಡ 5ರಲ್ಲಿ ಸಬ್ಬತ್ತಿಗೆ, ಅಂದರೆ ವಾರದ ವಿಶ್ರಾಂತಿಯ ದಿನಕ್ಕೆ, ಕೊಟ್ಟ ಕಾರಣವೇ ಬೇರೆ ಇದೆ. ನಿನ್ನ ಆಳುಕಾಳುಗಳೂ ನಿನ್ನ ಹಾಗೆ ದಣಿವಾರಿಸಿಕೊಳ್ಳಲಿ, ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ಮರೆಯಬೇಡ. ಈಗ ಭಾನುವಾರ ಎಲ್ಲರಿಗೂ ರಜೆ. ಇದರಿಂದ ಹೋದ ಸೀಸನ್ನಿನಲ್ಲಿ ಒಂದು ದೊಡ್ಡ ಆರ್ಡರ್ ಕೈಬಿಟ್ಟಿತು, ಮನೆಯವರು ಎರಡು ದಿನ ಮಾತಾಡಲಿಲ್ಲ. ಅವರ ಸಂಕಟವೂ ಸುಳ್ಳಲ್ಲ, ಮಗನ ಡಿಪ್ಲೊಮಾ ಫೀಸು ಅದೇ ತಿಂಗಳು ಕಟ್ಟಬೇಕಿತ್ತು.

ಕೆಲಸದ ಹೊತ್ತಿನಲ್ಲಿ ನಾನು ಅವರಿಗೆ ಯೇಸುವಿನ ಬಗ್ಗೆ ಬೋಧನೆ ಮಾಡುವುದಿಲ್ಲ. ಸಂಬಳ ಕೊಡುವ ಕೈ ಬೋಧನೆಗೆ ಹೊರಟರೆ, ಕೇಳುವವರಿಗೆ ಬೇಡ ಅನ್ನುವ ದಾರಿ ಇರುವುದಿಲ್ಲ. ಅವರಾಗಿ ಕೇಳಿದರೆ ಹೇಳುತ್ತೇನೆ. ಒಮ್ಮೆ ಕೇಳಿದ್ದಾರೆ.

ಹೋದ ಏಪ್ರಿಲ್‌ನಲ್ಲಿ ನಮಗೆ ದುಡ್ಡು ಕೊಡಬೇಕಿದ್ದ ಎರಡು ಅಂಗಡಿಯವರೂ ಒಟ್ಟಿಗೆ ಕೈಯೆತ್ತಿದಾಗ ಖಾತೆ ಬರಿದಾಯಿತು. ಆ ಶನಿವಾರ ಅರ್ಧ ಕೂಲಿಯಷ್ಟೇ ಹೊಂದಿತು. ಸುಡು ಬಿಸಿಲಲ್ಲಿ ಮಧ್ಯಾಹ್ನವೇ ಒಬ್ಬೊಬ್ಬರ ಮೆಷಿನ್ ಹತ್ತಿರ ಹೋಗಿ, ಉಳಿದದ್ದು ಬುಧವಾರ ಅಂತ ಹೇಳಿದೆ, ಕಂತಿನವರು ಬರುವ ಮುಂಚೆ ಅವರಿಗೆ ಗೊತ್ತಿರಲಿ ಅಂತ. ಬುಧವಾರ ಬೆಳಿಗ್ಗೆ ಕಿವಿಯೋಲೆ ಅಡವಿಟ್ಟು ತಂದೆ.

ಇವತ್ತು ಶನಿವಾರ. ಐದೂವರೆಗೆ ಮೋಟಾರು ಆಫ್ ಮಾಡಿ, ಮುರಿದ ಸೂಜಿಯ ಚೂರುಗಳನ್ನು ಡಬ್ಬಿಗೆ ಹಾಕಿ, ನೆಲದ ಮೇಲಿನ ನೀಲಿ ನೂಲು ಗುಡಿಸುತ್ತಾರೆ. ಎಂಟು ಕವರುಗಳನ್ನು ಬೆಳಿಗ್ಗೆಯೇ ಬರೆದಿಟ್ಟಿದ್ದೇನೆ. ಓವರ್‌ಲಾಕ್‌ನವಳು ಯಾವಾಗಲೂ ಬಾಗಿಲ ಹತ್ತಿರ ನಿಂತು ಎರಡು ಸಲ ಎಣಿಸುತ್ತಾಳೆ. ಎಣಿಸಿ ಮುಗಿಯುವ ತನಕ ನಾನು ಒಳಗೆ ಹೋಗುವುದಿಲ್ಲ.