ಸೋಲಾರ್ ತಟ್ಟೆಯ ಕಪ್ಪು ಲೇಪ: ಪರಿಸರದ ಲೆಕ್ಕ ಹಾಕುವುದು ಹೇಗೆ

ಸೋಲಾರ್ ವಾಟರ್ ಹೀಟರ್‌ನಲ್ಲಿ ಬಿಸಿಲು ಹೀರುವ ತಟ್ಟೆಯ ಲೇಪಗಳನ್ನು ‘ತಯಾರಿಕೆಗೆ ಚದರ ಮೀಟರಿಗೆ ಎಷ್ಟು ಇಂಗಾಲ’ ಎಂದು ಹೋಲಿಸಿದರೆ ಮಾಮೂಲಿ ಕಪ್ಪು ಪೇಂಟೇ ಗೆಲ್ಲುತ್ತದೆ. ಆ ಗೆಲುವು ಸುಳ್ಳು. ವಸ್ತುವಿನ ತಯಾರಿಕೆಯಿಂದ ವಿಲೇವಾರಿಯವರೆಗಿನ ಪರಿಸರ ಲೆಕ್ಕದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14044ರ ಪ್ರಕಾರ ಹೋಲಿಸಬೇಕಾದದ್ದು ಲೇಪ ಮಾಡಿಕೊಡುವ ಕೆಲಸವನ್ನು. ನಮ್ಮ ಬಳ್ಳಾರಿ, ರಾಯಚೂರು ಕಡೆಯ ಮನೆಗೆ ಅದನ್ನು ಹೀಗಿಡಬಹುದು: ದಿನಕ್ಕೆ 100 ಲೀಟರ್ ನೀರು, 25ರಿಂದ 60 ಡಿಗ್ರಿಗೆ, ವರ್ಷಕ್ಕೆ 300 ದಿನ, 15 ವರ್ಷ.

ದಿನಕ್ಕೆ ಸುಮಾರು 4.07 ಯೂನಿಟ್, ಒಟ್ಟು 18,300 ಯೂನಿಟ್ ಶಾಖ. ತಟ್ಟೆ ಶೇ. 1ರಷ್ಟು ಕಡಿಮೆ ಕೊಟ್ಟರೆ 183 ಯೂನಿಟ್ ಗೀಸರ್ ಮೇಲೆ ಬೀಳುತ್ತದೆ. ಗ್ರಿಡ್ ಯೂನಿಟ್‌ಗೆ 0.7 ಕೆಜಿ ಹಿಡಿದರೂ 128 ಕೆಜಿ ಇಂಗಾಲದ ಡೈಆಕ್ಸೈಡ್.

ಈಗ ಲೇಪಕ್ಕೆ ಬನ್ನಿ. ಮಾಮೂಲಿ ಪೇಂಟ್, ತೊಟ್ಟಿಯಲ್ಲಿ ಅದ್ದಿ ವಿದ್ಯುತ್ತಿನಿಂದ ಕೂರಿಸುವ ಬ್ಲ್ಯಾಕ್ ಕ್ರೋಮ್, ನಿರ್ವಾತದಲ್ಲಿ ಕೂರಿಸುವ ಲೇಪ: ಬಿಸಿಲು ಹೀರುವುದರಲ್ಲಿ ಮೂರೂ ಹೆಚ್ಚುಕಡಿಮೆ ಸಮ, 1ಕ್ಕೆ ಸುಮಾರು 0.95. ವ್ಯತ್ಯಾಸವಿರುವುದು ಶಾಖ ಹೊರಸೂಸುವುದರಲ್ಲಿ: ಪೇಂಟ್ 0.9, ಬ್ಲ್ಯಾಕ್ ಕ್ರೋಮ್ 0.1, ನಿರ್ವಾತದಲ್ಲಿ ಕೂರಿಸಿದ ಲೇಪ 0.05. ತಟ್ಟೆ 70 ಡಿಗ್ರಿ, ಗಾಜು 40 ಡಿಗ್ರಿ ಇದ್ದಾಗ ಚದರ ಮೀಟರಿಗೆ ವಿಕಿರಣದಿಂದ ಹೋಗುವ ಶಾಖ ಕ್ರಮವಾಗಿ 193, 24, 12 ವ್ಯಾಟ್. ಪೇಂಟ್ ಬಿಟ್ಟರೆ ಸಿಗುವ ಲಾಭ ಭಾರಿ. ಕ್ರೋಮ್‌ನಿಂದ ನಿರ್ವಾತ ಲೇಪಕ್ಕೆ ಹೋದರೆ ಸಿಗುವುದು 12 ವ್ಯಾಟ್ ಮಾತ್ರ. ಹಾಗಾಗಿ ಅವೆರಡರ ನಡುವೆ ತೀರ್ಪು ಕೊಡುವಾಗ ಇಂಗಾಲವೊಂದನ್ನೇ ಅಲ್ಲ, ಕಾರ್ಖಾನೆಯ ತ್ಯಾಜ್ಯವನ್ನೂ ನೋಡಬೇಕು.

ಕ್ರೋಮ್ ತೊಟ್ಟಿಯಲ್ಲಿರುವುದು ಸಾಮಾನ್ಯವಾಗಿ ಕ್ಯಾನ್ಸರ್ ತರುವ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂ-6). ತೊಳೆದ ನೀರನ್ನು ಪಿಎಚ್ 2–3ಕ್ಕೆ ಇಳಿಸಿ ಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಿ ಅಪಾಯ ಕಡಿಮೆಯಿರುವ ಟ್ರೈವೇಲೆಂಟ್ ರೂಪಕ್ಕೆ (ಕ್ರೋಮಿಯಂ-3) ತರಬೇಕು, ಆಮೇಲೆ ಸುಣ್ಣ ಹಾಕಿ 8–9ಕ್ಕೆ ಏರಿಸಿ ಗಸಿ ಇಳಿಸಬೇಕು. ಆ ಗಸಿ ಅಪಾಯಕಾರಿ ತ್ಯಾಜ್ಯ. ಅದನ್ನು ಬಿಟ್ಟ ಲೆಕ್ಕವನ್ನು ನಾನಂತೂ ಒಪ್ಪುವುದಿಲ್ಲ. ಕ್ರೋಮ್ ಪದರದ ಅಡಿಯ ನಿಕ್ಕಲನ್ನೂ ಮರೆಯಬೇಡಿ: 2 ಚದರ ಮೀಟರ್ ಮೇಲೆ 10 ಮೈಕ್ರಾನ್ ಇದ್ದರೆ 178 ಗ್ರಾಂ. ನಿರ್ವಾತ ಲೇಪದಲ್ಲಿ ಈ ಕೊಳೆನೀರಿಲ್ಲ, ಆದರೆ ಗಾಳಿ ತೆಗೆಯುವ ಪಂಪುಗಳಿಗೆ ಕರೆಂಟ್ ಬೇಕು.

ಬಾಳಿಕೆಯ ಪರೀಕ್ಷೆಗೆ ಐಎಸ್‌ಒ 22975-3 ಇದೆ: ಹೀರುವಿಕೆಯಲ್ಲಿ ಆದ ಇಳಿಕೆಗೆ ಹೊರಸೂಸುವಿಕೆಯ ಏರಿಕೆಯ ಅರ್ಧ ಕೂಡಿಸಿದರೆ 0.05 ಮೀರಬಾರದು.

ಆದರೆ ಬೋರ್‌ವೆಲ್‌ನ ಗಡಸು ನೀರಿರುವ ಊರುಗಳಲ್ಲಿ ಲೇಪಕ್ಕಿಂತ ಮೊದಲೇ ಪೈಪು ಕಟ್ಟಿಕೊಳ್ಳುತ್ತದೆ. ಸುಣ್ಣದ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ, ತಟ್ಟೆ ಇನ್ನಷ್ಟು ಕಾಯುತ್ತದೆ, ಪೇಂಟಿನ ತಟ್ಟೆಗೆ ನಷ್ಟ ಇನ್ನೂ ಹೆಚ್ಚು. ಅಂಥಲ್ಲಿ 15 ವರ್ಷ ಎಂದು ಬರೆಯುವ ಮುನ್ನ ನೀರಿನ ಗಡಸುತನ ಅಳೆಸಿ; ಪೈಪು ತೊಳೆಯುವ ಸಲ್ಫಾಮಿಕ್ ಆಮ್ಲವನ್ನೂ ಗಾಜಿನ ಧೂಳು ತೊಳೆಯುವ ನೀರನ್ನೂ ಬಳಕೆಯ ಹಂತಕ್ಕೆ ಸೇರಿಸಿ.