ಒಂಬತ್ತರ ಟರ್ಫಿಗೆ ಎಂಟರ ಕಾಫಿ

ಮುಂಬೈಯಲ್ಲಿ ಕೆಲಸಕ್ಕೆ ಹೋಗುವವರಿಗೆ ಟರ್ಫ್ ಸ್ಲಾಟ್, ಅಂದರೆ ಬಾಡಿಗೆ ಮೈದಾನದಲ್ಲಿ ಫುಟ್‌ಬಾಲ್ ಆಡಲು ಸಿಗುವ ಹೊತ್ತು, ರಾತ್ರಿ ಒಂಬತ್ತೋ ಹತ್ತೋ. ಡೊಂಬಿವಲಿ ಲೋಕಲ್‌ನಲ್ಲಿ ನಿಂತೇ ಬಂದ ಕಾಲಿಗೆ ಜೀವ ಬರಲಿ ಅಂತ ಗೇಟಿನ ಹೊರಗೆ ಒಂದು ಕಟಿಂಗ್ ಏರಿಸಿ ಒಳಗೆ ನುಗ್ಗುತ್ತಾರೆ. ಆ ಅರ್ಧ ಲೋಟ ಚಹಾದಲ್ಲಿ ಕೆಫೀನ್ ಇಪ್ಪತ್ತು ಮೂವತ್ತು ಮಿ.ಗ್ರಾಂ ಇದ್ದರೆ ದೊಡ್ಡದು. ಅಷ್ಟರಿಂದ ಆಟ ಬದಲಾಗುವುದಿಲ್ಲ, ಹರಟೆಗೆ ಒಳ್ಳೆಯದು.

ಆಟಕ್ಕೆ ಉಪಯೋಗವಾಗುವ ಕೆಫೀನ್ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 3ರಿಂದ 6 ಮಿ.ಗ್ರಾಂ. ವಾರಕ್ಕೊಮ್ಮೆ ಐದೈದು ಜನ ಆಡುವವರಿಗೆ 3 ಧಾರಾಳ ಸಾಕು. 65 ಕಿಲೋದವರಿಗೆ 195 ಮಿ.ಗ್ರಾಂ. ಕಿಲೋಗೆ 9 ಮಿ.ಗ್ರಾಂಗೆ ಏರಿಸಿದರೆ ಓಟ ಹೆಚ್ಚುವುದಿಲ್ಲ, ಎದೆಬಡಿತ ಮತ್ತು ಕೈನಡುಕ ಮಾತ್ರ ಹೆಚ್ಚುತ್ತವೆ.

ಇನ್ನು ಫಿಲ್ಟರ್ ಕಾಫಿ. ಇಲ್ಲೇ ಹೆಚ್ಚಿನವರು ಎಡವುವುದು, ಡಿಕಾಕ್ಷನ್ ಕಪ್ಪಗಿದ್ದರೆ ಸ್ಟ್ರಾಂಗ್ ಅಂದುಕೊಂಡು. ಕಪ್ಪು ಬಣ್ಣದಲ್ಲಿ ಒಂದು ಪಾಲು ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರಿನದ್ದು, ಚಿಕೋರಿಯಲ್ಲಿ ಕೆಫೀನ್ ಸೊನ್ನೆ. 80:20 ಮಿಶ್ರಣದ 10 ಗ್ರಾಂ ಪುಡಿಯಲ್ಲಿ ಕಾಫಿ 8 ಗ್ರಾಂ. ಅದು ಅರೇಬಿಕಾ ಜಾತಿಯ ಬೀಜ ಆದರೆ ಕೆಫೀನ್ ಶೇಕಡಾ 1.2ರ ಆಸುಪಾಸು, ಅಂದರೆ 96 ಮಿ.ಗ್ರಾಂ, ರೊಬಸ್ಟಾ ಆದರೆ ಶೇಕಡಾ 2.2, ಅಂದರೆ 176. ಒಂದಿಷ್ಟು ಚರಟದಲ್ಲೇ ಉಳಿಯುತ್ತದೆ ಅಂತ ಕಳೆದರೂ ಒಂದು ಲೋಟಕ್ಕೂ ಇನ್ನೊಂದಕ್ಕೂ ಹೆಚ್ಚುಕಡಿಮೆ ಇಮ್ಮಡಿ ವ್ಯತ್ಯಾಸ. ಮಾಟುಂಗದ ಕಾಫಿಪುಡಿ ಅಂಗಡಿಯಲ್ಲಿ ಕಣ್ಣೆದುರೇ ಬೀಸಿಕೊಡುವಾಗ ‘ರೊಬಸ್ಟಾ ಎಷ್ಟು, ಚಿಕೋರಿ ಎಷ್ಟು’ ಅಂತ ಕೇಳಿಬಿಡಿ. ಹಾಲು ಹಾಕಿದರೆ ಕೆಫೀನ್ ಎಲ್ಲೂ ಹೋಗುವುದಿಲ್ಲ, ಆದರೆ ಎರಡು ಲೋಟ ಹಾಲು ಹೊಟ್ಟೆಯಲ್ಲಿ ಕುಲುಕುತ್ತಿದ್ದರೆ ಓಡುವುದು ಕಷ್ಟ. ಚಿಕೋರಿಯಿಲ್ಲದ ಇನ್‌ಸ್ಟಂಟ್ ಪುಡಿ ಸುಲಭ: 2 ಗ್ರಾಂನ ಒಂದು ಟೀಚಮಚಕ್ಕೆ ಸುಮಾರು 60 ಮಿ.ಗ್ರಾಂ. ಮೂರು ಚಮಚ, ಅರ್ಧ ಲೋಟ ಬಿಸಿನೀರು. ರುಚಿ ಕೇಳಬೇಡಿ.

ಎನರ್ಜಿ ಡ್ರಿಂಕಿಗೆ ನಮ್ಮ ದೇಶದಲ್ಲಿ ಲೀಟರಿಗೆ 300 ಮಿ.ಗ್ರಾಂ ಮಿತಿ, ಹಾಗಾಗಿ 250 ಮಿ.ಲೀ. ಡಬ್ಬಿಯಲ್ಲಿ 75ಕ್ಕಿಂತ ಹೆಚ್ಚಿರುವಂತಿಲ್ಲ. 200 ಮುಟ್ಟಲು ಮೂರು ಡಬ್ಬಿ ಬೇಕು, ಜೊತೆಗೆ ಅಷ್ಟೂ ಸಕ್ಕರೆ. ಜಿಮ್ಮಿನವರ ಪ್ರೀ-ವರ್ಕೌಟ್ ಪುಡಿಯಾದರೆ ಒಂದೇ ಸ್ಕೂಪಿನಲ್ಲಿ 200-300 ಇರಬಹುದು; ಲೇಬಲ್ ಓದದೆ ಕಾಫಿಯ ಮೇಲೆ ಅದನ್ನೂ ಕುಡಿಯಬೇಡಿ. ಬಿಡಿಯಾಗಿ ಮಾರುವ ಶುದ್ಧ ಕೆಫೀನ್ ಪುಡಿಯಂತೂ ಮನೆಯೊಳಗೇ ಬರಕೂಡದು. ಅಡುಗೆ ಚಮಚದಲ್ಲಿ ಅದನ್ನು ಅಳೆಯಲಾಗದು, ಒಂದು ಟೀಚಮಚ ಪ್ರಾಣಕ್ಕೇ ಅಪಾಯ.

ಕುಡಿದ 45-60 ನಿಮಿಷಕ್ಕೆ ರಕ್ತದಲ್ಲಿ ಕೆಫೀನ್ ಮಟ್ಟ ಮೇಲೇರಿರುತ್ತದೆ. ಒಂಬತ್ತರ ಆಟಕ್ಕೆ ಎಂಟಕ್ಕೆ ಕುಡಿದು ಶೌಚ ಮುಗಿಸಿಯೇ ಹೊರಡಿ. ಕಾಫಿ ಕರುಳನ್ನೂ ಎಬ್ಬಿಸುತ್ತದೆ. ಕೆಫೀನ್ ಇಂಧನವಲ್ಲ. ದಣಿವಿನ ಸುದ್ದಿ ಒಯ್ಯುವ ಅಡಿನೋಸಿನ್ ಮಿದುಳಿನಲ್ಲಿ ಕೂರುವ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ, ಅಷ್ಟೇ. ಕೊನೆಯ ಹದಿನೈದು ನಿಮಿಷ ಚೆಂಡು ಕಳೆದುಕೊಂಡವರು ಹಿಂದಕ್ಕೆ ಓಡುತ್ತಾರಲ್ಲ, ಅಲ್ಲಿ ಉಪಯೋಗ ಕಾಣುತ್ತದೆ. ಫಸ್ಟ್ ಟಚ್, ಅಂದರೆ ಬಂದ ಚೆಂಡನ್ನು ಹಿಡಿತಕ್ಕೆ ತರುವ ಮೊದಲ ಸ್ಪರ್ಶ, ಕೆಟ್ಟದಿದ್ದರೆ ಕೆಟ್ಟದ್ದೇ. ಗೋಲ್‌ಕೀಪರಿಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ: ಓಟ ಕಡಿಮೆ, ನಡುಗುವ ಕೈಯಿಂದ ನಷ್ಟ ಹೆಚ್ಚು.

ನಿಯಮದ ತೊಡಕಿಲ್ಲ, 2004ರಲ್ಲೇ ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾ ತನ್ನ ನಿಷೇಧಪಟ್ಟಿಯಿಂದ ಕೆಫೀನನ್ನು ತೆಗೆದಿದೆ.

ತೊಡಕಿರುವುದು ನಿದ್ದೆಯದ್ದು. ದೇಹದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ತಾಸು ಬೇಕು. ಎಂಟಕ್ಕೆ 200 ಕುಡಿದವರ ಮೈಯಲ್ಲಿ ರಾತ್ರಿ ಒಂದು ಗಂಟೆಗೆ ಇನ್ನೂ 100 ಇರುತ್ತದೆ, ಬೆಳಗ್ಗೆ ಆರಕ್ಕೆ ಲೋಕಲ್ ಹಿಡಿಯಬೇಕು. ಸಿಗರೇಟು ಸೇದುವವರಲ್ಲಿ ಬೇಗ ಇಳಿಯುತ್ತದೆ. ಗರ್ಭನಿರೋಧಕ ಮಾತ್ರೆ ಅಥವಾ ಸಿಪ್ರೋಫ್ಲಾಕ್ಸಸಿನ್ ಅನ್ನುವ ಆಂಟಿಬಯಾಟಿಕ್ ತೆಗೆದುಕೊಳ್ಳುವವರಲ್ಲಿ ತಡವಾಗಿ. ಬಿಪಿ, ಎದೆಬಡಿತದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ, ಶಾಲೆ ಹುಡುಗರಿಗೆ ಕೊಡಲೇಬೇಡಿ. ಮೊದಲ ಪ್ರಯೋಗ ಟೂರ್ನಮೆಂಟಿನ ದಿನ ಬೇಡ. ಮಾಮೂಲಿ ಆಟದ ದಿನ, ಅರ್ಧ ಪ್ರಮಾಣದಲ್ಲಿ.

ಹತ್ತರ ಸ್ಲಾಟಿಗೆ ಕಾಫಿಯೇ ಬೇಡ. ಒಂಬತ್ತಕ್ಕೆ ಒಂದು ಬಾಳೆಹಣ್ಣು, ನೀರು. ಆಟ ಮುಗಿಸಿ ಗೇಟಿನ ಹತ್ತಿರ ನಿಂತು ಕುಡಿಯುವ ಕಟಿಂಗ್ ಕೂಡ ಆ ರಾತ್ರಿಯ ಲೆಕ್ಕಕ್ಕೇ ಸೇರುತ್ತದೆ.